ಚೌಕದಲ್ಲಿ ಎಂಟನೆಯವಳು

ಗಡಗಡ ಗಡಗಡ, ಆಮೇಲೆ ಸರ್ರ್ ಎಂದು ಒಂದು ಜಾರುವ ಸದ್ದು, ಮತ್ತೆ ಗಡಗಡ. ಅರಿಶಿನದ ಕೊಂಬುಗಳನ್ನು ತುಂಬಿ ತಿರುಗಿಸುವ ಕಬ್ಬಿಣದ ಪೀಪಾಯಿಯ ಸದ್ದು ಅದು. ಎರಡೂ ಕಡೆ ಹಿಡಿಕೆ, ಹಿಡಿಕೆಗೊಬ್ಬ ಆಳು. ತಿರುವಿದಂತೆಲ್ಲ ಒಳಗಿನ ಕೊಂಬುಗಳು ಮೇಲೇರಿ, ತಮ್ಮ ಭಾರಕ್ಕೆ ತಾವೇ ಜಾರಿ, ಒಂದಕ್ಕೊಂದು ತಿಕ್ಕಿಕೊಂಡು ಹೊಳಪಾಗುತ್ತಿದ್ದವು. ಸಾಂಗ್ಲಿಯ ನಮ್ಮ ಮನೆಯ ಮುಂಭಾಗವೆಲ್ಲ ಅರಿಶಿನದ ಗೋದಾಮು. ಬೇಸಿಗೆ ಪೂರ್ತಿ ಆ ಸದ್ದಿನಲ್ಲೇ ನಾವು ಉಣ್ಣಬೇಕು, ಓದಬೇಕು, ಜಗಳಾಡಬೇಕು. ಹಳದಿ ಪುಡಿ ಎಲ್ಲದರ ಮೇಲೂ ಕೂತಿರುತ್ತಿತ್ತು: ಕಿಟಕಿಯ ಸರಳು, ದೇವರ ಮನೆಯ ಹೊಸ್ತಿಲು, ತಮ್ಮನ ತೊಟ್ಟಿಲ ಹಗ್ಗ, ನನ್ನ ಯೂನಿಫಾರ್ಮಿನ ಕಾಲರ್. ಮಿರಜಿನ ಕಾನ್ವೆಂಟಿನಲ್ಲಿ ನನ್ನ ಡೈರಿ ತುಂಬ ಒಂದೇ ರಿಮಾರ್ಕ್: ಕಾಲರ್ ಯೆಲ್ಲೋ ಅಗೇನ್. ಆ ಮನೆಯಲ್ಲಿ ಹಳದಿಯಾಗದೆ ಉಳಿದದ್ದು ಒಂದೇ, ನಮ್ಮ ಅತ್ತಿಯ ಬಿಳಿ ಸೀರೆ. ದಿನಕ್ಕೆ ಎರಡು ಸಲ ಒಗೆಯುತ್ತಿದ್ದಳು.

ಅತ್ತಿ ಎಂದರೆ ನನ್ನ ತಂದೆಯ ತಂಗಿ ಚಂಪಾ. ಹದಿನಾರಕ್ಕೆ ಹೊಳೆಯಾಚೆ ಸಾಂಗ್ಲಿವಾಡಿಗೆ ಮದುವೆಯಾಗಿ ಹೋಗಿ, ಹದಿನೆಂಟಕ್ಕೆ ಬಿಳಿ ಸೀರೆಯುಟ್ಟು ಸೇತುವೆ ದಾಟಿ ತಿರುಗಿ ಬಂದವಳು. ನಾನು ಹೇಳುತ್ತಿರುವ ವರ್ಷಕ್ಕೆ ಅವಳಿಗೆ ಇಪ್ಪತ್ತಾರು, ನನಗೆ ಹದಿಮೂರು. ಅವ್ವನ ಮಡಿಲಲ್ಲಿ ಯಾವಾಗಲೂ ಒಂದು ಕೈಗೂಸು ಇರುತ್ತಿದ್ದುದರಿಂದ ನನ್ನ ತಲೆ ಬಾಚಿದವಳು, ಜ್ವರ ಬಂದಾಗ ಹಣೆ ಮುಟ್ಟಿದವಳು ಅತ್ತಿಯೇ. ಇಡೀ ಅಡಿಗೆಮನೆ ಅವಳ ಕೈಯಲ್ಲಿತ್ತು. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆ ಬಟ್ಟೆಯಲ್ಲಿ ಸೋಸುವಳು. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಆ ಬಟ್ಟೆಯನ್ನು ಸಣ್ಣ ಗಡಿಗೆಯಲ್ಲಿ ತೊಳೆದು, ಗಡಿಗೆಯನ್ನು ಹಗ್ಗದಲ್ಲಿ ಮೆಲ್ಲಗೆ ಬಾವಿಯ ನೀರಿನ ಮಟ್ಟಕ್ಕೆ ಇಳಿಸಿ ಬಗ್ಗಿಸುವಳು. ಜೈನರ ಮನೆಗಳಲ್ಲಿ ಎಲ್ಲರೂ ಮಾಡುವುದೇ ಇದು, ಆದರೆ ಅವ್ವ ಮಾಡುವಾಗ ಕೆಲಸ ಮುಗಿಸುವ ಅವಸರ ಇರುತ್ತಿತ್ತು. ಅತ್ತಿ ಹಗ್ಗ ಬಿಡುವಾಗ ಉಸಿರು ಹಿಡಿದಿರುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಅವಳ ಮುಖ ಆಗ ಎಷ್ಟು ದೂರ ಹೋಗಿರುತ್ತಿತ್ತೆಂದರೆ, ಕರೆದರೆ ತಿರುಗಿ ಬರುತ್ತಾಳೋ ಇಲ್ಲವೋ ಎಂದು ನನಗೆ ಭಯ.

ಆ ಭಯಕ್ಕೆ ಕಾರಣವೂ ಇತ್ತು. ಆ ಮಳೆಗಾಲ ಆರ್ಯಿಕೆಯರ, ಅಂದರೆ ನಮ್ಮ ಸನ್ಯಾಸಿನಿಯರ, ಒಂದು ಸಂಘ ಚಾತುರ್ಮಾಸಕ್ಕೆ ನಮ್ಮ ಓಣಿಯ ಬಸ್ತಿಯಲ್ಲೇ ಬಂದು ನಿಂತಿತ್ತು. ಮಳೆಯ ನಾಲ್ಕು ತಿಂಗಳು ಅವರು ಊರು ಬಿಟ್ಟು ಅಲುಗುವುದಿಲ್ಲ. ಅತ್ತಿ ದಿನಾ ಅವರ ಹತ್ತಿರ ಹೋಗಿ ಕೂತು ಬರುತ್ತಿದ್ದಳು. ಒಂದು ಸಂಜೆ, ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಎಲ್ಲರೂ ಕೂತಾಗ, ತಂದೆಯ ತಾಟಿಗೆ ಜೋಳದ ಭಕ್ರಿ ಹಾಕುತ್ತ ಹಾಕುತ್ತ ತನಗೂ ದೀಕ್ಷೆ ಬೇಕೆಂದಳು. ತಂದೆಯನ್ನು ನಾವೂ ಊರೂ ತಾತ್ಯಾ ಎಂದೇ ಕರೆಯುತ್ತಿದ್ದೆವು. ಅವರು ಬಸ್ತಿಗೆ ಹೋಗುವುದು ವರ್ಷಕ್ಕೆರಡು ಸಲ. ಉಳಿದ ದಿನವೆಲ್ಲ ಜೀಪಿನಲ್ಲಿ ಹಳ್ಳಿ ಹಳ್ಳಿ ತಿರುಗಿ, ಕಬ್ಬಿನ ರೈತರನ್ನು ಕೂಡಿಸಿ, ಹೊಸದಾಗಿ ಏಳುತ್ತಿದ್ದ ಸಹಕಾರಿ ಸಕ್ಕರೆ ಕಾರ್ಖಾನೆಯ ಮಾತಾಡುವುದು. ಆದರೆ ಮನೆಯ ಹಿರಿಯ ಗಂಡಸಿನ ಬಾಯಿಂದ ಅನುಮತಿ ಬರದೆ ದೀಕ್ಷೆ ಕೊಡುವಂತಿಲ್ಲ. ಅತ್ತಿಯ ಕಣ್ಣಿಂದ ನೀರು ತೊಟ್ಟಿಕ್ಕುತ್ತಿತ್ತು. ತಾತ್ಯಾ ಭಕ್ರಿ ಮುರಿಯಲಿಲ್ಲ.

"ಚಂಪಾ, ನೀ ನಕ್ಕೋಂತ ಬಂದು ಕೇಳಿದ್ದರ ಇದ್ದಲ್ಲೇ ಹೂಂ ಅಂತಿದ್ದೆ. ಅಳಕೋಂತ ಕೇಳಿದರ ಕೊಡಂಗಿಲ್ಲ. ದುಃಖ ಹೊತ್ತಗೊಂಡ ಹೋದಾಕಿ ಅಲ್ಲಿ ಹೋಗಿ ಅದನ್ನ ಎಲ್ಲಿ ಇಳಸ್ತಿ?"

"ಅಕಿ ನಗೂದು ಇನ್ನ ಯಾವ ಜನ್ಮಕ್ಕಪಾ?" ಎಂದಳು ನಮ್ಮ ಆಯಿ, ಅಂದರೆ ಅಜ್ಜಿ, ಅವರಿಬ್ಬರ ತಾಯಿ.

"ನಗಾಕ ಯಾರರ ಬ್ಯಾಡ ಅಂದಾರೇನು ಅಕಿಗೆ?"

ಬೇಡ ಎಂದು ಯಾರೂ ಹೇಳಿರಲಿಲ್ಲ, ನಿಜ. ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಕೈ ಕೈ ಹಿಡಿದು ಫುಗಡಿ ತಿರುಗುವಾಗ ಅತ್ತಿ ಕಿಟಕಿಯ ಒಳಗೆ ನಿಂತಿರುತ್ತಿದ್ದಳು, ಅಷ್ಟೆ. ಲಗ್ನಕ್ಕೆ ಮೊದಲು ಅವಳ ಫುಗಡಿಗೆ ಜೋಡಿ ಸಿಗುತ್ತಿರಲಿಲ್ಲವಂತೆ, ಅಷ್ಟು ರಭಸ. ಇದನ್ನು ಆಯಿ ನನಗೆ ಹೇಳಿದ್ದು ದನಿ ತಗ್ಗಿಸಿ, ಯಾರದೋ ರೋಗದ ಸುದ್ದಿ ಹೇಳುವ ಹಾಗೆ.

ಮನೆಯಲ್ಲಿ ಕನ್ನಡ, ಗೋದಾಮಿನ ಬಾಗಿಲು ದಾಟಿದರೆ ಮರಾಠಿ, ಮಿರಜಿನ ಬಸ್ಸಿಳಿದರೆ ಇಂಗ್ಲಿಷ್. ಹೀಗೆ ದಿನಕ್ಕೆ ಮೂರು ಹುಡುಗಿಯರಾಗಿ ಬದುಕುವುದು ನನಗೆ ರೂಢಿಯಾಗಿತ್ತು. ಕಾನ್ವೆಂಟಿನಲ್ಲಿ ನಮಗೆ ಡ್ರಿಲ್ ಮತ್ತು ಸಿಂಗಿಂಗ್ ಕಲಿಸುತ್ತಿದ್ದವರು ಸಿಸ್ಟರ್ ಅಗಾಥಾ, ಅಮೆರಿಕದ ಯಾವುದೋ ದನ ಮೇಯಿಸುವ ಸೀಮೆಯಿಂದ ಬಂದ, ಆರಡಿ ಎತ್ತರದ, ದೊಡ್ಡ ಹೆಜ್ಜೆಯ ಹೆಂಗಸು. ಆ ವರ್ಷ ಅವರು ನಮಗೆ ಸ್ಕ್ವೇರ್ ಡ್ಯಾನ್ಸ್ ಕಲಿಸಿದರು. ನಾಲ್ಕು ಜೋಡಿ ಚೌಕದ ನಾಲ್ಕು ಬದಿಗೆ ಮುಖಾಮುಖಿ ನಿಲ್ಲಬೇಕು. ಒಬ್ಬರು ಪಕ್ಕದಲ್ಲಿ ನಿಂತು ಹೆಜ್ಜೆ ಹೆಜ್ಜೆಗೂ ಕೂಗಿ ಹೇಳುತ್ತಾರೆ: ಜೋಡಿಗೆ ಬಾಗು, ಎಡಗೈ ಕೊಟ್ಟು ದಾಟು, ಬೆನ್ನು ಬಳಸಿ ಬಾ, ಜೋಡಿಯಾಗಿ ಸುತ್ತಿ ನಿನ್ನ ಜಾಗಕ್ಕೆ ಸೇರು. ಮುಂದಿನ ಕೂಗು ಏನೆಂದು ಕುಣಿಯುವವರಿಗೆ ಗೊತ್ತಿರುವುದಿಲ್ಲ. ಕಿವಿಯಿಂದಲೇ ಕುಣಿಯಬೇಕು. ಎಂಟರಲ್ಲಿ ಒಬ್ಬರಿಲ್ಲದಿದ್ದರೂ ಉಳಿದ ಏಳು ಜನ ಗಾಳಿಗೆ ಕೈ ಚಾಚಿ ನಿಲ್ಲಬೇಕಾಗುತ್ತದೆ. ನಮ್ಮಲ್ಲಿ ಎತ್ತರದ ನಾಲ್ವರು ಕುತ್ತಿಗೆಗೆ ನೀಲಿ ಕರವಸ್ತ್ರ ಕಟ್ಟಿಕೊಂಡು ಗಂಡಸರಾದರು. ನನ್ನ ಗಂಡಸು ನನ್ನ ಗೆಳತಿ ಲತಾ.

ದಸರೆಗೆ ಕಾರ್ಖಾನೆಯ ಬಾಯ್ಲರಿಗೆ ಮೊದಲ ಬೆಂಕಿ ಹಾಕುವ ಸಮಾರಂಭವಿತ್ತು. ಸುತ್ತಲಿನ ಶಾಲೆಗಳಿಗೆಲ್ಲ ಸಮಿತಿಯಿಂದ ಮರಾಠಿಯಲ್ಲಿ ಕಾಗದ ಬಂತು: ಪ್ರತಿ ಶಾಲೆಯೂ ಒಂದೊಂದು ರಾಜ್ಯದ ಲೋಕನೃತ್ಯ ಮಾಡಬೇಕು. ನಮ್ಮ ಮರಾಠಿ ಟೀಚರ್ ಅದನ್ನು ಸಿಸ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದರು. ಯಾವ ಸ್ಟೇಟ್ ಎಂದು ಸಿಸ್ಟರ್ ಕೇಳಿದರು. ಎನಿ ಸ್ಟೇಟ್, ಸಿಸ್ಟರ್, ಎಂದರು ಟೀಚರ್. ಆ ವಾರವೇ ಸಿಸ್ಟರಿಗೆ ಅವರ ಅಣ್ಣನ ಪತ್ರ ಬಂದಿತ್ತು. ಆ ಅಣ್ಣ ತಮ್ಮೂರಿನ ದೊಡ್ಡ ಕೊಟ್ಟಿಗೆಗಳಲ್ಲಿ ಶನಿವಾರ ಶನಿವಾರ ಸ್ಕ್ವೇರ್ ಡ್ಯಾನ್ಸಿಗೆ ಕೂಗು ಹಾಕುವವನು. ಅವರ ರಾಜ್ಯದ ಅಸೆಂಬ್ಲಿಯಲ್ಲಿ ಇದನ್ನು ಅಫಿಶಿಯಲ್ ಸ್ಟೇಟ್ ಫೋಕ್ ಡ್ಯಾನ್ಸ್ ಎಂದು ಕಾನೂನು ಮಾಡಿಸಲು ಜನ ಸಹಿ ಕೂಡಿಸುತ್ತಿದ್ದಾರೆಂದು ಬರೆದಿದ್ದ. ಸಿಸ್ಟರ್ ಪತ್ರವನ್ನು ನಮ್ಮ ಮುಂದೆ ಓದಿ, ಹಾಗಾದರೆ ನಮ್ಮ ರಾಜ್ಯದ್ದೇ ಆಗಲಿ, ಎಂದು ನಕ್ಕುಬಿಟ್ಟರು. ಅವರ ರಾಜ್ಯದ ಕಾನೂನು ಏನಾಯಿತೋ ನನಗೆ ತಿಳಿಯಲಿಲ್ಲ. ಆ ದೇಶದ ಹಲವು ರಾಜ್ಯಗಳು ಮುಂದೆ ಹಾಗೆ ಘೋಷಿಸಿದವೆಂದು ಎಷ್ಟೋ ವರ್ಷಗಳ ಮೇಲೆ ಎಲ್ಲೋ ಓದಿದೆ. ಓದಿದಾಗ ನೆನಪಾದದ್ದು ನಮ್ಮ ಅಡಿಗೆಮನೆ. ಪತ್ರದ ಸುದ್ದಿಯನ್ನು ನಾನು ಅಂದೇ ಸಂಜೆ ಅತ್ತಿಗೆ ಹೇಳಿದ್ದೆ. ಅವಳು ಒಲೆಯ ಮುಂದೆ ಕೂತು ಭಕ್ರಿ ಬಡಿಯುತ್ತಿದ್ದಳು.

"ಅಂದ್ರ ಇಷ್ಟ ದಿನ ಪರವಾನಗಿ ಇಲ್ದನ ಕುಣದಾರೇನು ಅವರು?"

"ಇಲ್ಲರಿ ಅತ್ತಿ, ಅಲ್ಲೆ ಎಲ್ಲಾರೂ ಕುಣೀತಾರಂತ. ಮುದುಕ್ಯಾರು ಸುದ್ದಾ. ಅದಕ್ಕ ಅಫಿಶಿಯಲ್ ಮಾಡಾಕತ್ತಾರ."

"ಎಲ್ಲಾರೂ ಕುಣಿಯೂದಾದ್ರ ನಡುವ ಸರಕಾರಕ್ಕೇನ ಕೆಲಸ?" ಎಂದಳು. ಹಿಟ್ಟಿನ ಕೈ ಝಾಡಿಸಿ, "ಹೆಂಗ ಕುಣೀತಾರ, ತೋರಸು" ಎಂದಳು.

ಮಳೆಗಾಲದಲ್ಲಿ ಪೀಪಾಯಿಗೆ ಕೆಲಸವಿಲ್ಲ, ಸಂಜೆಗೆ ಗೋದಾಮಿನಲ್ಲಿ ಆಳುಗಳಿರುವುದಿಲ್ಲ. ಇಬ್ಬರಿಂದ ಚೌಕವಾಗುವುದಿಲ್ಲವಲ್ಲ, ಆರು ಅರಿಶಿನದ ಚೀಲಗಳನ್ನು ಎಳೆದು ತಂದು ಮೂರು ಜೋಡಿ ಮಾಡಿ ನಿಲ್ಲಿಸಿದೆವು. ನಾಲ್ಕನೆಯ ಜೋಡಿ ನಾವು. ನಾನು ಲತಾಳಿಂದ ಕಲಿತದ್ದನ್ನು ಅತ್ತಿಗೆ ಹೇಳಿಕೊಟ್ಟು, ಅವಳನ್ನೇ ಗಂಡಸು ಮಾಡಿದೆ. ಇಂಗ್ಲಿಷ್ ಕೂಗುಗಳು ಅವಳ ನಾಲಿಗೆಗೆ ಹೊಂದಲಿಲ್ಲ. ಎರಡೇ ದಿನದಲ್ಲಿ ಎಲ್ಲವನ್ನೂ ತನ್ನ ಮಾತಿಗೆ ತಿರುಗಿಸಿಕೊಂಡಳು: ಜೋಡಿಗೆ ಬಗ್ಗು, ಎಡಗೈ ಕೊಡು, ಬೆನ್ನ ಸುತ್ತಿ ಬಾ, ಹೊಂಟಲ್ಲೇ ಸೇರು. ಹೆಜ್ಜೆಗೆ ಹೆಜ್ಜೆ ಕೂಡಿಸಿ ಹೇಳುತ್ತಿದ್ದಳು, ಬೀಸುವ ಕಲ್ಲಿನ ಹಾಡಿನ ಹಾಗೆ. ಒಂದು ಚೀಲದ ಹೊಟ್ಟೆ ಮುಂದೆ ಬಂದಿತ್ತು. ಅದಕ್ಕೆ ನಮ್ಮ ಬಾಳೂ ಕಾಕಾನ ಹೆಸರಿಟ್ಟಳು.

"ಕಾಕಾ, ಎಡಗೈ ಕೊಡ್ರಿ. ನೋಡ ಮಾಲೂ, ಕೊಡವಲ್ಲರು. ಜಂಬ ಬಾಳ!"

ಅಂದು ಅವಳು ನಕ್ಕಳು. ಬಾಯಿಗೆ ಸೆರಗು ಒತ್ತಿಕೊಳ್ಳದೆ, ಹಲ್ಲು ಕಾಣುವ ಹಾಗೆ. ನನಗೆ ಖುಷಿಗಿಂತ ಹೆಚ್ಚಾಗಿ ಒಂದು ಲೆಕ್ಕಾಚಾರ ಹೊಳೆಯಿತು, ಅದನ್ನು ಅಡ್ಮಿಟ್ ಮಾಡಲೇಬೇಕು. ಅದೇ ವಾರ ಆಯಿ ಪಕ್ಕದ ಮನೆಯ ಹೆಂಗಸಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡಿದ್ದೆ: "ದೀಕ್ಷಾ ಅಂದ್ರ ಸುಮ್ನ ಅಲ್ಲವಾ. ಬೇಡಾಕಿ ನಡತಿ ನೋಡ್ತಾರ. ಆಟಕ್ಕ ಕುಣಿತಕ್ಕ ಹೋದಾಕಿನ್ನ ಹತ್ತರ ಸೇರಸಂಗಿಲ್ಲ." ಕಾನ್ವೆಂಟಿನ ಹುಡುಗಿ ನಾನು. ಸಿಸ್ಟರ್ ಆಗಬೇಕೆಂದು ಬಂದವರನ್ನು ವರ್ಷಗಟ್ಟಲೆ ಪರೀಕ್ಷಿಸಿ, ಯೋಗ್ಯತೆ ಇಲ್ಲದವರನ್ನು ತಿರುಗಿ ಕಳಿಸುವುದು ನನಗೆ ಗೊತ್ತಿತ್ತು. ತಾತ್ಯಾ ಇಂದಲ್ಲ ನಾಳೆ ಸೋಲುತ್ತಾರೆ. ಆದರೆ ಸಾವಿರ ಜನರ ಮುಂದೆ ಕುಣಿದವಳನ್ನು ಬಸ್ತಿಯಲ್ಲಿದ್ದ ಆರ್ಯಿಕೆಯರ ಹಿರಿಯರು, ದೊಡ್ಡ ಮಾತಾಜಿ, ತಾವೇ ಬೇಡ ಎನ್ನುತ್ತಾರೆ. ಅತ್ತಿ ನಮ್ಮಲ್ಲೇ ಉಳಿಯುತ್ತಾಳೆ. ಇಷ್ಟು ಸರಳವಾಗಿತ್ತು ನನ್ನ ಪ್ಲಾನ್.

ಲತಾಳಿಗೆ ಕಾಲು ಉಳುಕಿಸಿದೆ. ಅಂದರೆ, ಉಳುಕಿದೆ ಎಂದು ಹೇಳಿಸಿದೆ. ನನ್ನ ಬಣ್ಣದ ಪೆನ್ಸಿಲ್ ಡಬ್ಬಿಗೆ ಆಸೆಪಟ್ಟು ಅವಳು ಮೂರು ದಿನ ಕುಂಟಿದಳು, ಬಲಗಾಲು, ಮರೆತಾಗ ಎಡಗಾಲು. ಸಮಾರಂಭಕ್ಕೆ ಎರಡೇ ದಿನ ಉಳಿದಿತ್ತು. ಸಿಸ್ಟರ್ ತಲೆಗೆ ಕೈ ಹಚ್ಚಿ ಕೂತರು. ನಮ್ಮ ಮನೆಯಲ್ಲಿ ಆಂಟಿ ಇದ್ದಾರೆ, ಅವರಿಗೆ ಎಲ್ಲ ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ, ಎಂದೆ. ಕರೆದುಕೊಂಡು ಬಾ, ಎಂದರು ಸಿಸ್ಟರ್. ನಮ್ಮೂರಲ್ಲಿ ಹಾಲಿನವನೂ ಕುಣಿಯುತ್ತಾನೆ, ಪೋಸ್ಟ್‌ಮಾಸ್ತರನ ಹೆಂಡತಿಯೂ ಕುಣಿಯುತ್ತಾಳೆ, ಫೋಕ್ ಅಂದರೆ ಅದೇ ಅಲ್ಲವೇ? ಮನೆಗೆ ಬಂದು ಅತ್ತಿಯ ಮುಂದೆ ಅತ್ತುಬಿಟ್ಟೆ. ಅಳು ಸುಳ್ಳಾಗಿರಲಿಲ್ಲ, ಮಾತು ಮಾತ್ರ ಸುಳ್ಳು.

"ಒಬ್ಬಾಕಿ ಇಲ್ಲಂದ್ರ ಏಳೂ ಮಂದಿ ಕುಣಿಯಾಂಗಿಲ್ಲರಿ ಅತ್ತಿ."

ಅವಳು ಸೋಸುವ ಬಟ್ಟೆಯನ್ನು ಹಿಂಡಿ ಒಣಗಲು ಹಾಕಿದಳು.

"ಏಳ ಮಂದಿದು ಕೆಡಬಾರದು," ಎಂದಳು. "ಆಯಿಗೆ ನಾ ನಿನ್ನ ಜೋಡಿ ಬರತೀನಿ ಅಂತ ಹೇಳ್ತೀನಿ. ಅದೇನ ಸುಳ್ಳಲ್ಲ."

ಕಾರ್ಖಾನೆಯ ಚಿಮಣಿಗೆ ಮಾವಿನ ತೋರಣ ಕಟ್ಟಿದ್ದರು, ಅಷ್ಟು ಮೇಲೆ ಯಾರು ಹತ್ತಿ ಕಟ್ಟಿದರೋ. ಎತ್ತಿನ ಗಾಡಿಗಳ ಸಾಲು, ತಲೆಗೆ ಪಟಗಾ ಸುತ್ತಿದ ರೈತರು, ಅರ್ಧದಷ್ಟು ಜನ ನಮ್ಮ ಹಾಗೆ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಆಡುವವರು. ವೇದಿಕೆಯ ಮೇಲೆ ಸಂಚಾಲಕರ ಸಾಲಿನಲ್ಲಿ ತಾತ್ಯಾ, ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆಯಲ್ಲಿ. ಮಾಧವನಗರದ ಗಿರಣಿ ಕಾರ್ಮಿಕರ ಮಕ್ಕಳು ಹಲಗಿಯ ಬಡಿತಕ್ಕೆ ಕೈಯ ಲೇಝಿಮ್ ಝಣಝಣಿಸಿ, ಕುಣಿದು ಧೂಳೆಬ್ಬಿಸಿ ಹೋದರು. ಆಮೇಲೆ ನಾವು. ಗುಡಾರದ ಹಿಂದೆ ಸಿಸ್ಟರ್ ಅತ್ತಿಯನ್ನು ಮೇಲಿಂದ ಕೆಳಗೆ ನೋಡಿ, ಏನೂ ಕೇಳದೆ, ಬಿಳಿ ಸೀರೆಯ ಮೇಲೆ ಅವಳ ಕುತ್ತಿಗೆಗೆ ನೀಲಿ ಕರವಸ್ತ್ರ ಕಟ್ಟಿದರು. ಬಿಳಿ ಬಟ್ಟೆಯ ಇಬ್ಬರೂ ಎದುರು ಬದುರು ನಿಂತದ್ದನ್ನು ನಾನು ನೋಡಿದೆ, ಒಬ್ಬರ ಮಾತು ಒಬ್ಬರಿಗೆ ಬಾರದು. ಎಂಟು ಜನ ಮೈದಾನಕ್ಕೆ ಇಳಿದೆವು. ತಾತ್ಯಾರ ಕಡೆ ನೋಡುವ ಧೈರ್ಯ ನನಗಾಗಲಿಲ್ಲ.

ರೆಕಾರ್ಡ್ ಹಚ್ಚಿ ಸಿಸ್ಟರ್ ಎರಡು ಕೂಗು ಹಾಕಿದ್ದರು, ಅಷ್ಟರಲ್ಲಿ ಮೈಕ್ ಕಿರುಚಿಕೊಂಡಿತು. ಮೈಕಿನವನು ಓಡಿ ಬಂದು ಅದನ್ನು ಬಂದ್ ಮಾಡಿದ. ರೆಕಾರ್ಡಿನ ಸಂಗೀತವೂ ಸಿಸ್ಟರ್ ದನಿಯೂ ಒಟ್ಟಿಗೆ ಹೋದವು. ಆ ಗದ್ದಲದಲ್ಲಿ ಆರಡಿಯ ಸಿಸ್ಟರ್ ಬಾಯಿ ತೆರೆದು ಮುಚ್ಚುವುದು ಕಾಣುತ್ತಿತ್ತು, ಒಂದು ಅಕ್ಷರವೂ ಕೇಳಿಸುತ್ತಿರಲಿಲ್ಲ. ಚೌಕದಲ್ಲಿ ಎಂಟೂ ಜನ ಕೈ ಚಾಚಿಕೊಂಡು ಗೊಂಬೆಗಳ ಹಾಗೆ ನಿಂತೆವು. ಜನ ನಗಲು ಶುರು ಮಾಡಿದರು. ಲೇಝಿಮ್ ತಂಡದ ಹಲಗಿಯ ಮುದುಕ ಬದಿಯಲ್ಲೇ ಕೂತಿದ್ದ. ಪಾಪ ಹುಡುಗಿಯರೆನ್ನಿಸಿತೋ ಏನೋ, ಹಲಗಿ ಎತ್ತಿ ನಮ್ಮ ಹೆಜ್ಜೆಗೆ ಒಂದು ಸಣ್ಣ ಬಡಿತ ಹಿಡಿದ. ಆಗ ನನ್ನ ಪಕ್ಕದಿಂದ ದನಿ ಬಂತು, ಬಾವಿಯ ಆಳಕ್ಕೆ ಕೂಗಿದರೆ ತಿರುಗಿ ಬರುವಂಥ ದನಿ.

"ಜೋಡಿಗೆ ಬಗ್ಗು! ಎಡಗೈ ಕೊಡು! ದಾಟು, ದಾಟು, ಬೆನ್ನ ಸುತ್ತಿ ಬಾ!"

ಕನ್ನಡ ತಿಳಿಯದ ಇಬ್ಬರು ಹುಡುಗಿಯರು ಪಕ್ಕದವರ ಕೈ ನೋಡಿ ತಿರುಗಿದರು. ಒಂದು ಸುತ್ತು ತಪ್ಪಿತು, ಎರಡನೆಯದು ಕೂಡಿತು. ಹಲಗಿ ಚುರುಕಾಯಿತು, ಅತ್ತಿಯೂ ಚುರುಕಾದಳು. ಕೂಗುತ್ತಲೇ ಕುಣಿಯುತ್ತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲ್ಲರನ್ನೂ ಕಣ್ಣಲ್ಲೇ ಜಾಗಕ್ಕೆ ಸೇರಿಸುತ್ತ. ನನ್ನನ್ನು ಹಿಡಿದು ತಿರುಗಿಸಿದಾಗ ನನ್ನ ಕಾಲು ನೆಲ ಬಿಟ್ಟವು. ಕೊನೆಗೆ ಬರಬರುತ್ತ, ನಾವು ಕಲಿಯದ ಕೂಗುಗಳನ್ನೂ ತಾನೇ ಹುಟ್ಟಿಸಿ ಹೇಳಿದಳು, ಅವನ್ನೂ ನಾವು ಕುಣಿದೆವು. ಗಾಡಿಗಳ ಮೇಲೆ ನಿಂತ ರೈತರು "ಹಾಂಗ! ಹಾಂಗವಾ!" ಎಂದು ಕನ್ನಡದಲ್ಲೇ ಕೂಗಿದರು. ಮುಗಿದಾಗ ಅವಳ ಮುಖ ಕೆಂಪಾಗಿತ್ತು, ಹಣೆಯ ಬೆವರಿಗೆ ಕೂದಲು ಅಂಟಿತ್ತು. ನನ್ನ ಭುಜ ಹಿಡಿದು, "ಏಳು ಮಂದಿದೂ ಕೆಡಲಿಲ್ಲ ನೋಡ," ಎಂದಳು. ನಾನು ಅವಳಿಗೆ ಅಂಟಿಕೊಂಡೆ. ಗೆದ್ದೆ ಎಂದುಕೊಂಡೆ.

ನಾವು ಬಸ್ಸಿನಲ್ಲಿ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಯಿ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು, ಬೈಯಲಿಲ್ಲ, ಗೋಡೆಗೆ ಮಾತಾಡಿದಳು.

"ಎಂಟ ವರ್ಷ ಈ ಹೊಸ್ತಿಲದೊಳಗ ಒಂದ ಮಾತ ಬರದಂಗ ಇಟಗೊಂಡಿದ್ದೆ. ಎಂಟ ವರ್ಷ. ಇನ್ನ ದೀಕ್ಷಾ ಯಾರು ಕೊಡ್ತಾರ ಇಕಿಗೆ?"

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು. ಅಷ್ಟು ಹಗುರಾದದ್ದಕ್ಕೆ ಇವತ್ತಿಗೂ ನಾಚಿಕೆ. ಅತ್ತಿ ಸ್ನಾನ ಮಾಡಿ, ಬಸ್ತಿಗೆ ಹೋಗಿ, ಹೊತ್ತಿರುವಾಗಲೇ ತಿರುಗಿ ಬಂದು ಒಲೆ ಹಚ್ಚಿದಳು.

ತಾತ್ಯಾ ಬಂದದ್ದು ಮರುದಿನ ಬೆಳಿಗ್ಗೆ. ಕೈಕಾಲು ತೊಳೆದು ಊಟಕ್ಕೆ ಕೂತರು. ಅಡಿಗೆಮನೆಯ ಬಾಗಿಲಲ್ಲಿ ಆಯಿ, ಮೂಲೆಯಲ್ಲಿ ಕೂಸಿನೊಡನೆ ಅವ್ವ, ಗೋಡೆಗಂಟಿದ ಕಟ್ಟೆಯ ಮೇಲೆ ನಾನು. ಅತ್ತಿ ಬಿಸಿ ಭಕ್ರಿಯನ್ನು ಅವರ ತಾಟಿಗೆ ಹಾಕಿ, ಹೋಗದೆ ಅಲ್ಲೇ ಎದುರಿಗೆ ಕೂತಳು.

"ಅಣ್ಣಾ, ನನ್ನ ಮಾರಿ ನೋಡ್ರಿ. ಇವತ್ತ ಅಳಾಕತ್ತಿಲ್ಲ."

ತಾತ್ಯಾ ನೋಡಿದರು.

"ಕುಣಿಯಾಕ ನಿಮ್ಮನ್ನ ಕೇಳಲಿಲ್ಲ. ತಪ್ಪಾತು ಅಂತ ಹೇಳಾಕ ಬಂದಿಲ್ಲ. ದೀಕ್ಷಾಕ್ಕ ನಿಮ್ಮ ಮಾತು ಬೇಕಂತ ರೂಢಿ ಐತಿ, ಅದಕ್ಕ ಇನ್ನೊಮ್ಮೆ ಕೇಳಾಕತ್ತೀನಿ."

ಅವರು ಮಾತಾಡಿದಾಗ ಅದು ಹಳ್ಳಿಗಳಲ್ಲಿ ಭಾಷಣ ಮಾಡುವ ತಾತ್ಯಾರ ದನಿಯಾಗಿರಲಿಲ್ಲ.

"ನಿನ್ನಿ ಮೈಕ ಬಂದ್ ಆದ ಮ್ಯಾಗ ಒಂದ ದನಿ ಕೇಳಿಸ್ತು. ಯಾರದಿದು ಅನ್ಕೊಂಡೆ. ಒಂದ ಹೊಟ್ಟ್ಯಾಗ ಹುಟ್ಟಿದಾಕಿ ದನಿ ನನಗ ಗುರ್ತ ಸಿಗಲಿಲ್ಲ, ಚಂಪಾ. ಬಾಜೂ ಕುಂತವರು ಕೇಳಿದ್ರು, ಇದು ಯಾ ರಾಜ್ಯದ ಕುಣಿತರಿ ತಾತ್ಯಾಸಾಹೇಬ, ಅಂತ."

"ಏನಂದ್ರಿ?"

"ನಮ್ಮ ಮನೀದು ಅಂದೆ."

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ತಾತ್ಯಾ ಭಕ್ರಿಯ ಒಂದು ತುಂಡು ಮುರಿದು, ತಿನ್ನದೆ ಮತ್ತೆ ತಾಟಿಗಿಟ್ಟರು.

"ದುಃಖಕ್ಕ ಹೊಂಟಾಳ ಅಂತ ನಾ ತಡದಿದ್ದೆ. ಇನ್ನ ಏನಂತ ತಡೀಲಿ? ಹೋಗು."

ನಾನು ಕಟ್ಟೆಯಿಂದ ಜಿಗಿದು ಕೂಗಿದ್ದು ನೆನಪಿದೆ: ಹೆಂಗ ಹೋಗ್ತಾರ, ಅವರು ಕುಣದಾರ, ಮಂದಿ ಮುಂದ ಕುಣದಾರ, ದೊಡ್ಡ ಮಾತಾಜಿ ತೊಗೊಳ್ಳಂಗಿಲ್ಲ! ಅವ್ವ ನನ್ನ ಕೈ ಹಿಡಿದು ಜಗ್ಗಿದಳು. ಅತ್ತಿ ಮಾತ್ರ ನನ್ನ ಕಡೆ ತಿರುಗಿದಳು, ಸಿಟ್ಟಿಲ್ಲದೆ.

"ನಿನ್ನಿ ಸಂಜಿಕ ಅವರಿಗೆ ಹೇಳಿ ಬಂದೀನಿ ಮಾಲೂ, ಒಂದೂ ಬಿಡದಂಗ."

"ಏನಂದ್ರು?"

"ಉಸರ ಹತ್ತಿತ್ತೇನು ಅಂತ ಕೇಳಿದ್ರು. ಇಲ್ಲರಿ ಅಂದೆ. ಹಂಗಾರ ನಮ್ಮ ಜೋಡಿ ಊರೂರು ನಡಿಯಾಕ ಬರತೈತಿ ಅಂದ್ರು."

ತಾತ್ಯಾ ನಕ್ಕರು. ನಗುತ್ತಲೇ ಅವರ ಕಣ್ಣು ತುಂಬಿ ಬಂದವು. ಅವರು ಅಳುವುದನ್ನು ನಾನು ಅದೊಂದೇ ಸಲ ನೋಡಿದ್ದು. ಅಂದಿನಿಂದ ಒಂದು ವಿಷಯ ನನ್ನೊಳಗೆ ಕಲ್ಲಿನ ಹಾಗೆ ಕೂತಿತು. ಅವಳ ದಾರಿಗೆ ಅಡ್ಡ ಇದ್ದದ್ದು ತಾತ್ಯಾರ ಒಂದೇ ಒಂದು ಮಾತು, ನಕ್ಕೋಂತ ಬಂದು ಕೇಳು ಎಂಬುದು. ಆ ನಗುವನ್ನು ಅವಳ ಮುಖಕ್ಕೆ ತಂದವಳು ನಾನು, ಅವಳನ್ನು ತಡೆಯಲೆಂದು.

ದೀಪಾವಳಿ ಕಳೆದ ಮೇಲೆ ದೀಕ್ಷೆಯಾಯಿತು. ಅದಕ್ಕೆ ಮೊದಲು ದೀಕ್ಷೆಯವಳನ್ನು ಮದುವಣಗಿತ್ತಿಯ ಹಾಗೆ ಶೃಂಗರಿಸಿ, ಮನೆಮನೆಗೆ ಕರೆದು ಉಣಬಡಿಸುವ ಪದ್ಧತಿ. ಆಯಿ ತನ್ನ ಪೆಟ್ಟಿಗೆಯಿಂದ ಹಸಿರು ಜರಿಸೀರೆ ತೆಗೆದು ತಾನೇ ಮಗಳಿಗೆ ಉಡಿಸಿದಳು. ಎಂಟು ವರ್ಷದ ನಂತರ ಅತ್ತಿಯ ಮೈಮೇಲೆ ಬಣ್ಣ ಬಂದದ್ದು ಬಣ್ಣ ಬಿಡುವ ವಾರದಲ್ಲಿ. ಮಂಟಪದಲ್ಲಿ ದೀಕ್ಷೆ ಕೊಡಲು ಬಂದಿದ್ದ ಮುನಿಸ್ವಾಮಿಗಳು ಮೂರು ಸಲ ಕೇಳಿದರು, ಮನೆಯವರ ಅನುಮತಿ ಐತೇನು. ತಾತ್ಯಾ ಎದ್ದು ನಿಂತು ಮೂರು ಸಲ ಐತ್ರಿ ಎಂದರು. ಮನೆಯವರಲ್ಲಿ ನಾನೂ ಒಬ್ಬಳಲ್ಲವೇ ಎಂದು ಒಳಗೇ ಕೂಗಿಕೊಳ್ಳುತ್ತಿದ್ದೆ, ಬಾಯಿ ಬಿಡಲಿಲ್ಲ. ಆಮೇಲೆ ಅವಳು ಬೆರಳಿಗೆ ಬೂದಿ ಹಚ್ಚಿಕೊಂಡು ತನ್ನ ಕೂದಲನ್ನು ಹಿಡಿ ಹಿಡಿಯಾಗಿ ತಾನೇ ಕಿತ್ತುಕೊಂಡಳು. ಆಯಿ ಕೆಳಗೆ ಕೂತು ಆ ಕೂದಲನ್ನು ಸೆರಗಿನಲ್ಲಿ ಹಿಡಿಯುತ್ತಿದ್ದಳು. ನಾನು ನೋಡಲಾರದೆ ನೆಲ ನೋಡಿದೆ. ಕೂದಲು ಬೇರಿನಿಂದ ಬಿಡುವ ಸದ್ದು ಇಷ್ಟೇ ಇಷ್ಟು, ಕಾಗದ ಹರಿದ ಹಾಗೆ. ಹೊಸ ಹೆಸರಿಟ್ಟರು. ಅಂದಿನಿಂದ ಅವಳು ಯಾರ ಮಗಳೂ ಅಲ್ಲ, ಯಾರ ಅತ್ತಿಯೂ ಅಲ್ಲ.

ಮುಂದಿನ ವರ್ಷ ಮಳೆಗಾಲ ಹಿಡಿಯುವ ಮೊದಲು ಸಂಘ ಕವಲಾಪುರದ ಮೇಲೆ ಹಾದು ಹೋಗುತ್ತದೆಂದು ತಿಳಿದು ಆಯಿ ನನ್ನನ್ನು ಕರೆದುಕೊಂಡು ಹೊರಟಳು. ಅಲ್ಲಿ ನಮ್ಮ ಬಂಧುಗಳ ಮನೆಯಲ್ಲಿ ಮಡಿಯಿಂದ ಅಡಿಗೆ ಮಾಡಿದಳು. ಆರ್ಯಿಕೆಯರು ದಿನಕ್ಕೆ ಒಂದೇ ಸಲ, ಕರೆದವರ ಮನೆಯಲ್ಲಿ, ಅಂಗೈಯಲ್ಲಿ ತೆಗೆದುಕೊಂಡು ಉಣ್ಣುತ್ತಾರೆ. ಹೊರಡುವ ಮುಂಚೆ ಮನಸ್ಸಿನಲ್ಲೇ ಏನೋ ಒಂದು ಗುರುತು ಇಟ್ಟುಕೊಂಡಿರುತ್ತಾರೆ, ಯಾವ ಬಾಗಿಲಲ್ಲಿ ಆ ಗುರುತು ಕಾಣುತ್ತದೆಯೋ ಅಲ್ಲಷ್ಟೇ ನಿಲ್ಲುವುದು. ಆಯಿ ಕಲಶ ಹಿಡಿದು ಬಾಗಿಲಲ್ಲಿ ನಿಂತು ತನ್ನ ಮಗಳನ್ನು ಕರೆದಳು: "ಬರ್ರಿ ಮಾತಾಜಿ, ನಿಲ್ಲರಿ ಮಾತಾಜಿ." ಅತ್ತಿ ಬಂದಳು, ಕಲಶ ನೋಡಿದಳು, ಮುಂದೆ ಹೋದಳು. ಎರಡು ಮನೆ ಆಚೆ, ತೆಂಗಿನಕಾಯಿ ಹಿಡಿದಿದ್ದ ಯಾರೋ ಒಬ್ಬ ಮುದುಕಿಯ ಬಾಗಿಲಲ್ಲಿ ನಿಂತಳು. ಆಯಿ ಬಹಳ ಹೊತ್ತು ಕಲಶ ಕೆಳಗಿಡಲಿಲ್ಲ.

ಮಧ್ಯಾಹ್ನ ಬಸ್ತಿಯ ಕಟ್ಟೆಯ ಮೇಲೆ ಆರ್ಯಿಕೆಯರು ಕೂತಿದ್ದಾಗ ಹೆಂಗಸರು ಒಬ್ಬೊಬ್ಬರಾಗಿ ಹೋಗಿ ನಿಯಮ ಬೇಡುತ್ತಿದ್ದರು. ಏನಾದರೊಂದನ್ನು ಬಿಡುತ್ತೇನೆಂದು ಅವರ ಮುಂದೆ ಮಾತು ಕೊಡುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ; ಯಾರೋ ಬೆಲ್ಲ ಬಿಟ್ಟರು, ಯಾರೋ ಚಹಾ ಬಿಟ್ಟರು. ಅತ್ತಿಯ ಮುಂದೆ ನನ್ನ ಸರದಿ ಬಂತು. ಅವಳು ತೆಳ್ಳಗಾಗಿದ್ದಳು, ಮೋಟು ಕೂದಲು ಮತ್ತೆ ಕಪ್ಪಗೆ ಚಿಗುರುತ್ತಿತ್ತು. ನಾನು ನೆಲಕ್ಕೆ ಹಣೆ ಹಚ್ಚಿ, ಮೇಲೇಳದೆ ಹೇಳಿದೆ.

"ಲತಾನ ಕಾಲ ಉಳುಕಿರಲಿಲ್ಲರಿ. ನಾನ ಸುಳ್ಳ ಹೇಳಸಿದ್ದೆ. ನೀವು ಹೋಗಬಾರದಂತ."

"ಆವತ್ತ ಗೊತ್ತಿತ್ತು."

"ಗೊತ್ತಿದ್ದೂ ಯಾಕ ಬಂದ್ರಿ?"

ಹಿಂದೆ ಸಾಲು ನಿಂತಿತ್ತು.

"ಏನ ಬಿಡ್ತಿ, ಹೇಳು," ಎಂದಳು, ಎಲ್ಲರಿಗೂ ಕೇಳಿದ ಹಾಗೆ.

ಎಷ್ಟೋ ರಾತ್ರಿ ನಿದ್ದೆಗೆಟ್ಟು ನಾನು ಅದನ್ನು ಮೊದಲೇ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಎದ್ದು ಕೈ ಜೋಡಿಸಿದೆ.

"ಜೀವ ಇರೂತನಕ ಕುಣಿಯಂಗಿಲ್ಲ ಅಂತ ಕೊಡ್ರಿ."

ಹಿಂದಿನ ಹೆಂಗಸರು ಮೆಚ್ಚಿ ಏನೋ ಅಂದುಕೊಂಡರು. ಹದಿನಾಲ್ಕರ ಹುಡುಗಿ, ಜೀವಮಾನದ ನಿಯಮ. ಕೊಡಲು ಯಾವ ಮಾತಾಜಿಗೂ ಖುಷಿಯಾಗಬೇಕು. ಅವಳು ನವಿಲುಗರಿಯ ಪಿಂಛಿಯನ್ನು ಮಡಿಲಲ್ಲೇ ಹಿಡಿದುಕೊಂಡು ನನ್ನನ್ನು ನೋಡಿದಳು.

"ಅದನ್ನ ನಾ ಕೊಡಂಗಿಲ್ಲ."

"ಯಾಕ್ರಿ?"

"ಕೊಡಂಗಿಲ್ಲ ಅಂದೆ. ಚಾತುರ್ಮಾಸ ಮುಗಿಯೂತನಕ ಬದನೀಕಾಯಿ ಬಿಡು. ಆಗತೈತಿಲ್ಲೊ?"

"ಆಗತೈತ್ರಿ."

ಪಿಂಛಿ ಎತ್ತಿ ಆಶೀರ್ವಾದ ಮಾಡಿದಳು. ಆಗಲೇ ಹಿಂದಿನವಳು ನನ್ನನ್ನು ಸರಿಸಿ ಮುಂದೆ ಬಂದಳು. ಬಿಸಿಲು ಇಳಿಯುತ್ತಲೇ ಸಂಘ ಎದ್ದಿತು. ಮಣ್ಣಿನ ದಾರಿಯಲ್ಲಿ ಐದು ಜನ ಬರಿಗಾಲಲ್ಲಿ, ಒಬ್ಬರ ಹಿಂದೆ ಒಬ್ಬರು, ಮುಂದಿನ ನಾಲ್ಕು ಮೊಳ ನೆಲವನ್ನಷ್ಟೇ ನೋಡುತ್ತ, ಹುಳುಹುಪ್ಪಟೆ ತುಳಿಯದ ಹಾಗೆ. ಅವಳು ಕೊನೆಯವಳು. ಹಾಗೆ ನಡೆಯುವವರು ತಿರುಗಿ ನೋಡುವುದಿಲ್ಲ. ಆಯಿ ನನ್ನ ಪಕ್ಕದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಏನ ನಿಯಮ ಕೊಟ್ರ?"

"ಬದನೀಕಾಯಿ."

"ಅಷ್ಟ?"

"ಅಷ್ಟ," ಎಂದೆ.

ಬಿಳಿ ಸೀರೆ ಕಬ್ಬಿನ ಹೊಲದ ತಿರುವಿನಲ್ಲಿ ಒಂದು ಸಲ ಕಂಡಿತು, ಕಬ್ಬು ಅಡ್ಡ ಬಂತು. ಅದೇ ಕೊನೆ, ಮತ್ತೆ ನಾನು ಅವಳನ್ನು ನೋಡಲಿಲ್ಲ.